ಗುಟ್ಟಾಗಿ ನುಂಗುವ ಗುಳಿಗೆ

ನಾಲ್ಕು ಗುಳಿಗೆಗಳ ಪಟ್ಟಿಯಿಂದ ಒಂದನ್ನು ಕತ್ತರಿಸಿ, ಖಾಕಿ ಕವರಿಗೆ ಹಾಕಿ, ತುಟಿ ಬಿಚ್ಚದೆ ಕೈಗಿಡುವ ವ್ಯಾಪಾರ ಮುಂಬೈನ ಧಾರಾವಿಗೂ ಹೊಸದಲ್ಲ, ಕಲಬುರಗಿಗೂ ಹೊಸದಲ್ಲ. ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರು ಅರ್ಧ ಉಳಿದಿದ್ದರೆ ಹೆಚ್ಚು. ಎಷ್ಟು ಮಿಲಿಗ್ರಾಂ, ಅವಧಿ ಎಂದಿಗೆ ಮುಗಿಯುತ್ತದೆ ಎನ್ನುವುದೆಲ್ಲ ಅಂಗಡಿಯಲ್ಲೇ ಉಳಿದ ಇನ್ನೊಂದು ತುಂಡಿನ ಮೇಲಿರುತ್ತದೆ. ನಿಮಿರು ದೌರ್ಬಲ್ಯಕ್ಕೆ ಕೊಡುವ ಈ ಗುಳಿಗೆ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧ. ಸರಿಯಾಗಿ ಬಳಸಿದರೆ ಬಹುಪಾಲು ಜನರಿಗೆ ಇದು ಸುರಕ್ಷಿತ. ಅಪಾಯ ಹೆಚ್ಚಾಗಿ ಹುಟ್ಟುವುದು ಈ ಗುಟ್ಟಿನಿಂದ.

ಔಷಧದ ಹೆಸರು ಸಿಲ್ಡೆನಾಫಿಲ್. ಎದೆನೋವಿಗೆ ಮದ್ದು ಹುಡುಕುತ್ತಿದ್ದ ಫೈಜರ್ ವಿಜ್ಞಾನಿಗಳಿಗೆ ನಿಮಿರುವಿಕೆಗೆ ನೆರವಾಗುವ ಇದರ ಗುಣ ಗೊತ್ತಾಯಿತು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಿಂದ ಒಪ್ಪಿಗೆ ಪಡೆಯಿತು. 2001ರಿಂದ ಭಾರತದ ಕಂಪನಿಗಳೇ ತಯಾರಿಸಿ ಮಾರತೊಡಗಿದವು.

ಮನಸ್ಸಿನಲ್ಲಿ ಆಸೆ ಮೂಡಿದಾಗ ಶಿಶ್ನದ ನರಗಳಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಅದರ ಪ್ರಭಾವದಿಂದ ಸಿಜಿಎಂಪಿ ಎಂಬ ರಾಸಾಯನಿಕ ಉಂಟಾಗಿ, ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ. ಪಿಡಿಇ-5 ಎಂಬ ಕಿಣ್ವ ಆ ರಾಸಾಯನಿಕವನ್ನು ಒಡೆದು ಹಾಕುತ್ತದೆ. ಗುಳಿಗೆ ಈ ಕಿಣ್ವವನ್ನು ತಡೆಯುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ, ವೀರ್ಯವನ್ನೂ ಹೆಚ್ಚಿಸುವುದಿಲ್ಲ. ಆರೋಗ್ಯವಂತ ಹುಡುಗರು 'ಪವರ್' ಬರಲಿ ಎಂದು ನುಂಗುವುದರಲ್ಲಿ ಅರ್ಥವಿಲ್ಲ.

ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. 65 ದಾಟಿದವರಿಗೆ, ಲಿವರ್ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ 25. ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ದಿನಕ್ಕೆ ಒಂದೇ ಸಲ. ಹೊಟ್ಟೆ ತುಂಬ ಬಿರಿಯಾನಿ ತಿಂದು ನುಂಗಿದರೆ ಪರಿಣಾಮ ತಡವಾಗುತ್ತದೆ. ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುವವರು ಇಲ್ಲೇ ಎಡವುತ್ತಾರೆ. ತಡಾಲಾಫಿಲ್ ಎಂಬ ಅದರ ಸೋದರ ಔಷಧದ ಪರಿಣಾಮ 36 ಗಂಟೆಯವರೆಗೂ ಇರುತ್ತದೆ. ಎರಡನ್ನೂ ಬೆರೆಸಬಾರದು. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ ಸಾಮಾನ್ಯ. ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲ ನೀಲಿಯಾಗಿ ಕಾಣುತ್ತದೆ. ಜೊತೆಗೆ ಮದ್ಯ ಹೆಚ್ಚಾದರೆ ಬಿಪಿ ಕುಸಿದು ತಲೆ ಸುತ್ತೀತು.

ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್ ಮುಂತಾದ ನೈಟ್ರೇಟ್ ಔಷಧ ಬಳಸುವವರು ಈ ಗುಳಿಗೆಯನ್ನು ಮುಟ್ಟಲೇಬಾರದು. ಎರಡೂ ಒಂದೇ ದಾರಿಯಲ್ಲಿ ರಕ್ತನಾಳ ಸಡಿಲಿಸುವುದರಿಂದ ಬಿಪಿ ಪ್ರಾಣ ಹೋಗುವ ಮಟ್ಟಕ್ಕೆ ಇಳಿಯಬಹುದು. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರೂ ದೂರವಿರಬೇಕು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್‌ಸುಲೋಸಿನ್‌ನಂಥ ಗುಳಿಗೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಲೇಬೇಕು.

ಧಾರಾವಿಯಂಥ ಇಕ್ಕಟ್ಟಿನ ಬಸ್ತಿಗಳಲ್ಲಿ ಟಿಬಿ ಅಪರೂಪವಲ್ಲ, ಹಾಗಾಗಿ ಈ ಮಾತು ಮುಖ್ಯ. ಟಿಬಿ ಚಿಕಿತ್ಸೆಯ ರಿಫಾಂಪಿಸಿನ್ ಈ ಗುಳಿಗೆಯನ್ನು ಲಿವರ್ ಬೇಗ ಕರಗಿಸುವಂತೆ ಮಾಡುತ್ತದೆ, ಪರಿಣಾಮ ತೀರ ಕುಗ್ಗುತ್ತದೆ. ಹಾಗೆಂದು ಡೋಸ್ ಏರಿಸಿಕೊಂಡರೆ ತಪ್ಪು, ಟಿಬಿ ಔಷಧ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ತಪ್ಪು. ಕ್ಲಾರಿಥ್ರೊಮೈಸಿನ್, ಕೀಟೊಕೊನಜೋಲ್‌ನಂಥ ಔಷಧಗಳು ತದ್ವಿರುದ್ಧ: ಗುಳಿಗೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

'ಗುಪ್ತರೋಗ' ಎಂಬ ಪೋಸ್ಟರ್ ನೋಡಿ ಪುಡಿ, ಲೇಹ್ಯ ತರುವವರಿಗೆ ಒಂದು ಮಾತು. 'ಜಡಿಬೂಟಿ' ಎಂದು ಮಾರುವ ಇಂಥ ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೋ ಕೊಟ್ಟವನಿಗೂ ಗೊತ್ತಿರುವುದಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂಬ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ.

ನಿಮಿರು ದೌರ್ಬಲ್ಯ ಗಂಡಸುತನಕ್ಕೆ ಬಂದ ಕುಂದಲ್ಲ. ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಚಿಂತೆ ಇದರ ಹಿಂದಿರಬಹುದು. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಆದ್ದರಿಂದ ನಾಳ ಕಟ್ಟಿಕೊಳ್ಳುವ ಕಾಯಿಲೆ ಮೊದಲು ಕಾಣಿಸುವುದು ಇಲ್ಲೇ. ಹೃದ್ರೋಗಕ್ಕಿಂತ ಕೆಲವು ವರ್ಷ ಮುಂಚೆಯೇ ಸಿಗುವ ಎಚ್ಚರಿಕೆಯಿದು. ಗುಟ್ಟಾಗಿ ಗುಳಿಗೆ ನುಂಗಿದವನಿಗೆ ಆ ಎಚ್ಚರಿಕೆ ತಲುಪುವುದೇ ಇಲ್ಲ. ಧಾರಾವಿಯವರಿಗೆ 60 ಫೀಟ್ ರೋಡಿನ 'ಛೋಟಾ ಸಾಯನ್' ಆಸ್ಪತ್ರೆ ಹತ್ತಿರವಿದೆ, ಅದರ ಬೆಂಬಲಕ್ಕೆ ಲೋಕಮಾನ್ಯ ಟಿಳಕ್ ಆಸ್ಪತ್ರೆಯಿದೆ. ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿಕೊಳ್ಳುವಾಗಲೇ ಇದನ್ನೂ ಹೇಳಿಬಿಡಿ. ವೈದ್ಯರಿಗೆ ಇದು ದಿನನಿತ್ಯದ ಮಾತು.

ನಿಮಿರುವಿಕೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ, ಕಣ್ಣು ಅಥವಾ ಕಿವಿ ಏಕಾಏಕಿ ಮಂದವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗುಳಿಗೆ ನುಂಗಿದ ಮೇಲೆ ಎದೆನೋವು ಬಂದರೆ ಪಕ್ಕದ ಮನೆಯವರು ಕೊಟ್ಟ ಸಾರ್ಬಿಟ್ರೇಟ್ ಬೇಡ, 108ಕ್ಕೆ ಫೋನ್ ಮಾಡಿ. ಯಾವ ಗುಳಿಗೆ, ಎಷ್ಟು ಹೊತ್ತಿಗೆ ನುಂಗಿದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ತಡಾಲಾಫಿಲ್ ಆದರೆ 48 ಗಂಟೆಯ ತನಕ ನಿಮಗೆ ನೈಟ್ರೇಟ್ ಕೊಡುವಂತಿಲ್ಲ.