ಕೋಷ್ಟಕದೊಳಗೊಂದು ಚೀಲ

ನಾವು ಮನೆಯಲ್ಲೇ ಕುಳಿತು ವ್ಯಾಪಾರ ಮಾಡುವ ಜಾಲದಂಗಡಿಯಲ್ಲಿ ಸೀರೆಯೂ ಉಂಟು, ಪುಸ್ತಕವೂ ಉಂಟು, ಫ್ಯಾನೂ ಉಂಟು. ಸೀರೆಗೆ ಅಂಚಿನ ಬಣ್ಣ ಮುಖ್ಯ. ಪುಸ್ತಕಕ್ಕೆ ಪುಟಗಳ ಸಂಖ್ಯೆ. ಫ್ಯಾನಿಗೆ ರೆಕ್ಕೆಯ ಅಳತೆ. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿಯು ಪ್ರತಿಪಾದಿಸಿದ ಕ್ರಮವನ್ನು ಅನುಸರಿಸಿ ಇಂತಹ ದತ್ತಾಂಶಗಳನ್ನು ಕೋಷ್ಟಕಗಳಲ್ಲಿ ಇಡುವುದು ರೂಢಿ. ಪ್ರತಿಯೊಂದು ಗುಣಕ್ಕೂ ಒಂದೊಂದು ಕಂಬಸಾಲನ್ನು ಮೀಸಲಿಟ್ಟರೆ ಸೀರೆಯ ಸಾಲಿನಲ್ಲಿ ಪುಟಸಂಖ್ಯೆಯ ಮನೆ ಬರಿದು, ಪುಸ್ತಕದ ಸಾಲಿನಲ್ಲಿ ಅಂಚಿನ ಮನೆ ಬರಿದು!

ಈ ಬಿಡಿ ಗುಣಗಳನ್ನು ಹೆಸರು ಮತ್ತು ವಿವರಗಳ ಜೋಡಿಗಳಾಗಿ ಬರೆದು ಒಂದೇ ಮನೆಯಲ್ಲಿ ತುಂಬಿಡುವ ಚೀಲವೇ ಜೇಸನ್. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯವು 2012ರಲ್ಲಿ ಇದಕ್ಕೆ ಎಡೆಗೊಟ್ಟಿತು. ಆದರೆ ಅದು ಇರಿಸಿಕೊಂಡದ್ದು ಬರಿಯ ಬರಹವನ್ನು. ಒಳಗೇನಿದೆಯೆಂದು ಕೇಳಿದಾಗಲೆಲ್ಲ ಮತ್ತೆ ಮೊದಲಿನಿಂದ ಓದಬೇಕು. 2014ರಲ್ಲಿ ಬಂದ ‘ಜೇಸನ್‌ಬಿ’ಯಾದರೋ ಒಳಸೇರಿಸುವಾಗಲೇ ಬರಹವನ್ನು ಬಿಡಿಸಿ ಅಣಿಗೊಳಿಸುತ್ತದೆ. ಹುಡುಕಾಟ ಚುರುಕಾಗುತ್ತದೆ, ದಿಟ. ಅದಕ್ಕೆ ತೆರುವ ಸುಂಕವೂ ಉಂಟು: ಹೆಸರುಗಳ ಮೂಲ ಅನುಕ್ರಮ ಉಳಿಯದು, ಒಂದೇ ಹೆಸರು ಎರಡು ಬಾರಿ ಬಂದಿದ್ದರೆ ಕಡೆಯದೊಂದೇ ಉಳಿಯುವುದು. ಬಂದ ಬರಹವನ್ನು ಅಕ್ಷರ ಬಿಡದೆ ಕಾಪಾಡಬೇಕಾದಲ್ಲಿ ಮೊದಲಿನ ಬಗೆಯೇ ಲೇಸು.

ಚೀಲ ಸಿಕ್ಕಿತೆಂದು ಎಲ್ಲವನ್ನೂ ಅದರಲ್ಲೇ ತುರುಕುವ ಚಪಲ ಮಾತ್ರ ಸಲ್ಲದೆಂದು ನಮ್ಮ ಅಭಿಪ್ರಾಯ. ಬೆಲೆಯನ್ನೂ ಅಲ್ಲಿಯೇ ಇಟ್ಟೆವೆನ್ನೋಣ. ಒಂದು ಸೀರೆಗೆ ‘ಬೆಲೆ’ ಎಂದೂ ಇನ್ನೊಂದಕ್ಕೆ ಕೈತಪ್ಪಿ ‘ಬೆಲ’ ಎಂದೂ ಹೆಸರು ಬಿದ್ದಿತು. ಅಂತಹ ಕಂಬಸಾಲು ಇಲ್ಲವೆಂದು ಕೋಷ್ಟಕವಾದರೆ ಆಗಲೇ ತಡೆಯುತ್ತಿತ್ತು. ಚೀಲವು ತಾನಾಗಿ ತಡೆಯದು. ಮುಂದೆ 500 ರೂಪಾಯಿಗೆ ಒಳಗಿನ ಸೀರೆಗಳನ್ನು ಗಿರಾಕಿಯು ಕೇಳಿದಾಗ ಎರಡನೆಯ ಸೀರೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ತಪ್ಪಾಯಿತೆಂಬ ಸೂಚನೆಯೂ ಅಂಗಡಿಯವನಿಗೆ ಬರುವುದಿಲ್ಲ.