ವಸಿಷ್ಠ ಒಬ್ಬನಲ್ಲ

ಮಟಮಟ ಮಧ್ಯಾಹ್ನ ಪುರೋಹಿತರು ಚಪ್ಪರದಾಚೆ ಬೆರಳು ಚಾಚಿ ‘ಅರುಂಧತಿ ಕಂಡಳಾ?’ ಎನ್ನುತ್ತಾರೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಗಂಡು–ಹೆಣ್ಣು ‘ಹೂಂ’ ಅಂದುಬಿಡುತ್ತಾರೆ. ಸಂಸಾರದ ಮೊದಲ ಸುಳ್ಳು ಅದೇ ಇರಬೇಕು. ಅವಳನ್ನು ನಿಜವಾಗಿ ನೋಡಬೇಕೆಂದರೆ ಮೇ ತಿಂಗಳ ಕತ್ತಲೆಯಲ್ಲಿ ತಳಕಿನಾಚೆ, ಶೇಂಗಾ ಬಿತ್ತನೆಗೆ ಮಳೆ ಕಾಯುತ್ತ ಬಿದ್ದಿರುವ ಹೊಲಗಳಿಗೆ ಬರಬೇಕು. ತಳಕು ಅಂದರೆ ಓದುವವರಿಗೆ ಟಿ.ಎಸ್. ವೆಂಕಣ್ಣಯ್ಯ, ತರಾಸು ನೆನಪಾಗುತ್ತಾರೆ. ನನಗೆ ನೆನಪಾಗುವುದು ಆ ಬಯಲಿನ ಆಕಾಶ.

ಹೋದ ಬೇಸಿಗೆಯಲ್ಲಿ 60 ಮಿಲಿಮೀಟರಿನ ಪುಟ್ಟ ದೂರದರ್ಶಕವನ್ನು ಸಪ್ತರ್ಷಿಗಳ ಬಾಲದತ್ತ ತಿರುಗಿಸಿದ್ದೆ. ಬಾಲದ ನಡುವಿನ ಚುಕ್ಕಿ ವಸಿಷ್ಠ. ಅದರ ಮಗ್ಗುಲಲ್ಲಿ ಮಂಕಾಗಿರುವುದು ಅರುಂಧತಿ. ಕಂಬಳಿ ಹಾಸಿಕೊಂಡು ಕುರಿ ಕಾಯುತ್ತಿದ್ದ ಅಜ್ಜನಿಗೆ ಅವಳು ಬರಿಗಣ್ಣಿಗೇ ಕಂಡಳು. ‘ಈಗ ಇದರೊಳಗೆ ನೋಡಜ್ಜ’ ಎಂದೆ. ಒಂದೇ ಕಣ್ಣು ಮುಚ್ಚಲು ಬಾರದೆ, ಅಂಗೈ ಅಡ್ಡ ಹಿಡಿದು ಬಗ್ಗಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, ‘ಗಂಡನೇ ಎಲ್ಡು ಐದಾನಲ್ಲಪ್ಪಾ!’

ಇದೇ ಜೋಡಿಯನ್ನು 1617ರಲ್ಲಿ ಇಟಲಿಯ ಬೆನೆಡೆಟ್ಟೊ ಕಾಸ್ಟೆಲ್ಲಿ ಕಂಡು, ತನ್ನ ಗುರು ಗೆಲಿಲಿಯೊಗೆ ನೋಡುವಂತೆ ಬರೆದಿದ್ದ. ಗೆಲಿಲಿಯೊನ ಆಸೆ ಬೇರೆ. ಹತ್ತಿರದ ಚುಕ್ಕಿಯೊಂದು, ದೂರದ್ದೊಂದು ಒಂದೇ ಗೆರೆಯಲ್ಲಿ ಕಂಡಿದ್ದರೆ, ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ್ದು ಸ್ವಲ್ಪ ಸರಿಯಬೇಕಲ್ಲ? ಸರಿಯಲಿಲ್ಲ. ಎರಡೂ ಒಂದೇ ದೂರದಲ್ಲಿದ್ದರೆ ಸರಿಯುವುದಾದರೂ ಹೇಗೆ! ಅದೇ ಲೆಕ್ಕ ಹಿಡಿದು ವಿಲಿಯಂ ಹರ್ಷೆಲ್ 1779ರಿಂದ ಜೋಡಿಗಳನ್ನು ಹುಡುಕತೊಡಗಿದ. ಕಾಲು ಶತಮಾನದ ಅಳತೆಗಳನ್ನು ಹೋಲಿಸಿದಾಗ ಅವನಿಗೆ ಸಿಕ್ಕಿದ್ದು ಹುಡುಕಿದ್ದಲ್ಲ: ಕೆಲವು ಚುಕ್ಕಿಗಳು ಒಂದನ್ನೊಂದು ಸುತ್ತುತ್ತಿದ್ದವು. 1803ರಲ್ಲಿ ಅವನು ಅದನ್ನು ಬರೆದ ಮೇಲೆ ಜೋಡಿ ಎಂಬುದು ಕಣ್ಣಿನ ಭ್ರಮೆಯಾಗಿ ಉಳಿಯಲಿಲ್ಲ.

ಕತೆ ಅಲ್ಲಿಗೂ ನಿಲ್ಲಲಿಲ್ಲ. ಅಜ್ಜ ಕಂಡ ಎರಡರಲ್ಲಿ ಹೆಚ್ಚು ಹೊಳೆಯುವುದೇ ಮತ್ತೆ ಎರಡೆಂದು 1889ರಲ್ಲಿ ಹಾರ್ವರ್ಡಿನ ಪಿಕರಿಂಗ್ ಸಾರಿದ. ಯಾವ ದೂರದರ್ಶಕಕ್ಕೂ ಆಗ ಬಿಡಿಯಾಗಿ ಕಾಣದ ಜೋಡಿ ಅದು. ಬೆಳಕಿನ ರೋಹಿತದಲ್ಲಿ ಗೆರೆಗಳು ಇಬ್ಬಾಗವಾಗಿ, ಮತ್ತೆ ಕೂಡಿ, ಗುಟ್ಟು ಬಿಟ್ಟುಕೊಟ್ಟಿದ್ದವು. ಇನ್ನೊಂದೂ ಜೋಡಿಯೇ. 2009ರಲ್ಲಿ ಅರುಂಧತಿಯ ಬಳಿಯೂ ಮಂಕು ಕೆಂಪು ಸಂಗಾತಿ ಸಿಕ್ಕಿತು. ಚಪ್ಪರದ ಆ ‘ಹೂಂ’ನಲ್ಲಿ ಆರು ನಕ್ಷತ್ರಗಳಿವೆ!

ಇಷ್ಟೆಲ್ಲ ಹುಡುಕಿದ ಹರ್ಷೆಲ್‌ಗೆ ಇಂಗ್ಲೆಂಡಿನಿಂದ ಕಾಣದ ಜೋಡಿಯೊಂದಿದೆ, ಆಲ್ಫಾ ಸೆಂಟಾರಿ. ಅದು ನಮ್ಮ ದಕ್ಷಿಣದಲ್ಲೇ ಬಯಲಾಯಿತು. ಸಯಾಮಿನ ದಂಗೆಯಿಂದ ಪಾರಾಗಿ ಪುದುಚೇರಿಗೆ ಬಂದಿದ್ದ ಜೆಸ್ವಿಟ್ ಪಾದ್ರಿ ಜಾನ್ ರಿಶೋ, 1689ರ ಡಿಸೆಂಬರಿನಲ್ಲಿ ಧೂಮಕೇತುವೊಂದನ್ನು ನೋಡಲು ಹೋಗಿ ಈ ನಕ್ಷತ್ರ ಎರಡಾಗಿರುವುದನ್ನು ಕಂಡ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನೆರೆಗಳಲ್ಲೊಂದು ಇದು, ಸುಮಾರು 4.4 ಜ್ಯೋತಿರ್ವರ್ಷ ದೂರ. ಎರಡೂ ಒಂದನ್ನೊಂದು ಸುತ್ತಲು ಸುಮಾರು 80 ವರ್ಷ. 2016ರ ಸುಮಾರಿಗೆ ನಮ್ಮ ನೋಟಕ್ಕೆ ತೀರಾ ಒತ್ತಾಗಿದ್ದವು, ಈಗ ಅಗಲುತ್ತಿವೆ.

ತಳಕಿನಲ್ಲಿ ಅದು ಎಷ್ಟು ಏರಿದರೂ ದಿಗಂತದಿಂದ 15 ಡಿಗ್ರಿ. ಚಾಚಿದ ಕೈಯ ಒಂದು ಗೇಣಿಗಿಂತ ಕೆಳಗೆ. ರಾತ್ರಿ ಹನ್ನೊಂದಾಯಿತು. ಕೊಳವೆಯನ್ನು ಉತ್ತರದಿಂದ ದಕ್ಷಿಣಕ್ಕೆ ತಿರುಗಿಸಿದೆ. ಹಗಲು ಕಾದ ನೆಲದ ಬಿಸಿಗೆ ಚುಕ್ಕಿ ಕುದಿಯುವ ಎಸರಿನಂತೆ ಅಲುಗುತ್ತಿತ್ತು. ಕಾದೆ. ಒಂದು ಗಳಿಗೆ ಗಾಳಿ ನಿಂತಿತು; ಹಳದಿಯ ಎರಡು ಚುಕ್ಕಿ, ಒಂದು ತುಸು ಕೆಂಚು. ‘ಅಜ್ಜಾ, ಬಾ’ ಎಂದು ಕೂಗಿದೆ. ಹಟ್ಟಿಯ ಕಡೆ ನಾಯಿ ಬೊಗಳಿತೆಂದು ಅವರು ಆಗಲೇ ಕುರಿಗಳತ್ತ ಹೋಗಿಬಿಟ್ಟಿದ್ದರು.