ಜನರಿಲ್ಲದ ದ್ವೀಪದ ಹಸಿರು ಅಂಚು

ಭೂಮಿಯ ಮೇಲಿನ ನಿರ್ಜನ ದ್ವೀಪಗಳಲ್ಲೆಲ್ಲ ಅತಿ ದೊಡ್ಡದು ಡೆವನ್. ಕೆನಡಾದ ಆರ್ಕ್ಟಿಕ್ ದ್ವೀಪಸಮೂಹಕ್ಕೆ ಸೇರಿದ ಇದರ ವಿಸ್ತೀರ್ಣ ಸುಮಾರು 55,000 ಚದರ ಕಿಲೋಮೀಟರ್. ಪೂರ್ವಭಾಗವನ್ನು ದಪ್ಪನೆಯ ಹಿಮದ ಹೊದಿಕೆ ಆವರಿಸಿದೆ; ಪಶ್ಚಿಮದ್ದು ಬಹುತೇಕ ಬೋಳು ಕಲ್ಲುನೆಲ. 1934ರಲ್ಲಿ ಹಡ್ಸನ್ಸ್ ಬೇ ಕಂಪನಿಯು ಇನುಯಿಟ್ ಕುಟುಂಬಗಳನ್ನು ಕರೆತಂದು ದಕ್ಷಿಣ ತೀರದ ಡಂಡಾಸ್ ಹಾರ್ಬರ್‌ನಲ್ಲಿ ನೆಲೆಗೊಳಿಸಿತು. ಶೀತಪ್ರದೇಶದಲ್ಲೇ ಹುಟ್ಟಿ ಬೆಳೆದ ಅವರೂ 1936ರಲ್ಲಿ ಅಲ್ಲಿಂದ ಹೊರಡಬೇಕಾಯಿತು.

ಹಾಗೆಂದು ಡೆವನ್ ನಿರ್ಜೀವವಲ್ಲ. ಈಶಾನ್ಯ ಕರಾವಳಿಯ ಟ್ರೂಲವ್ ತಗ್ಗುಪ್ರದೇಶವೇ ಇದಕ್ಕೆ ಸಾಕ್ಷಿ. ಹಿಮಯುಗದಲ್ಲಿ ಮಂಜಿನ ಭಾರಕ್ಕೆ ಕುಸಿದಿದ್ದ ನೆಲ, ಆ ಭಾರ ಇಳಿದ ಬಳಿಕ ಮೆಲ್ಲಮೆಲ್ಲನೆ ಮೇಲೆದ್ದಿತು. ಹಳೆಯ ಕಡಲತೀರಗಳು ಒಂದರ ಹಿಂದೊಂದು ದಿಣ್ಣೆಗಳಾಗಿ ಉಳಿದವು. ಬೇಸಿಗೆಯಲ್ಲಿ ಕರಗಿ ಹರಿಯುವ ನೀರನ್ನು ಈ ದಿಣ್ಣೆಗಳು ತಡೆಯುತ್ತವೆ. ಅಡಿಯಲ್ಲಿ ಸದಾ ಹೆಪ್ಪುಗಟ್ಟಿರುವ ಮಣ್ಣು ಅದನ್ನು ಇಂಗಗೊಡುವುದಿಲ್ಲ. ಹೀಗೆ ನಿಂತ ತೇವದಲ್ಲಿ ಜೊಂಡು ಜಾತಿಯ ಹುಲ್ಲುಗಳೂ ಪಾಚಿಯೂ ಬೆಳೆಯುತ್ತವೆ. ಆ ಹುಲ್ಲನ್ನು ಮೇಯಲು ಬರುವುದು, ಜೋಲಾಡುವ ಉದ್ದ ಕೂದಲಿನ ಮಸ್ಕ್ ಆಕ್ಸ್. ಇಲಿಯನ್ನು ಹೋಲುವ ಪುಟ್ಟ ಲೆಮ್ಮಿಂಗ್‌ಗೂ ಈ ಹಸಿರೇ ಆಹಾರ. ಲೆಮ್ಮಿಂಗ್ ಹಿಮನರಿಗೆ ಆಹಾರ.

ದ್ವೀಪದ ದಕ್ಷಿಣಕ್ಕಿರುವ ಲ್ಯಾಂಕಾಸ್ಟರ್ ಜಲಸಂಧಿಯ ಸಂಪತ್ತೂ ಕಡಿಮೆಯದಲ್ಲ. ನಾರ್ವಾಲ್ ಮತ್ತು ಬೆಲುಗ ತಿಮಿಂಗಿಲಗಳು ಅಲ್ಲಿ ಸಂಚರಿಸುತ್ತವೆ. ಹಿಮಕರಡಿಗಳು ಸೀಲ್‌ಗಳ ಬೇಟೆಯಾಡುತ್ತವೆ.

ಡೆವನ್‌ನ ಹುಲ್ಲುಗಾವಲಿಗೆ ಬೇಸಿಗೆಯ ಬಿಸಿಲು ಎಷ್ಟು ಅಗತ್ಯವೋ, ಅಡಿಯ ಹೆಪ್ಪುಮಣ್ಣೂ ಅಷ್ಟೇ ಅಗತ್ಯ. ಆರ್ಕ್ಟಿಕ್ ವಲಯವು ಭೂಮಿಯ ಸರಾಸರಿಗಿಂತ ವೇಗವಾಗಿ ಬಿಸಿಯಾಗುತ್ತಿದೆ. ಬಿಸಿಯೇರಿದಂತೆ ಹಸಿರು ಹೆಚ್ಚುವುದೆಂಬ ಸರಳ ಲೆಕ್ಕ ಇಲ್ಲಿ ನಡೆಯದು. ಅಡಿಯ ಮಣ್ಣು ಆಳಕ್ಕೆ ಕರಗಿದರೆ ನಿಂತ ನೀರು ಇಂಗಿಹೋದೀತು. ನೀರಿನೊಂದಿಗೆ ಹುಲ್ಲೂ ಹೋದೀತು.